ಲಿಫ್ಟಿನ ಕನ್ನಡಿಯಲ್ಲಿ ಒಂದು ಗೋಲು

ಫುಟ್‌ಬಾಲ್ ಸೀಸನ್ನಿನ ಬಾಗಿಲಲ್ಲೇ ಒಂದು ಕಪ್ ಇರುತ್ತದೆ. ಹೋದ ವರ್ಷ ಲೀಗ್ ಗೆದ್ದವರಿಗೂ ಹೋದ ವರ್ಷ ದೊಡ್ಡ ಕಪ್ ಗೆದ್ದವರಿಗೂ ನಡುವೆ ಒಂದೇ ಒಂದು ಪಂದ್ಯ. ಇದರ ಬಗ್ಗೆ ಅಭಿಮಾನಿಗಳಿಗೆ ಬಹಳ ಅನುಕೂಲದ ಧೋರಣೆ ಇದೆ. ಗೆದ್ದರೆ ಅದು ಕಪ್, ಬೀದಿಯಲ್ಲಿ ಕುಣಿಯಬಹುದು. ಸೋತರೆ ಅದು ಬರೀ ಪ್ರಾಕ್ಟೀಸು, ಆಟಗಾರರಿಗಿನ್ನೂ ಮೈ ಬಿಸಿಯಾಗಿಲ್ಲ, ಬಿಡಿ ಅತ್ಲಾಗೆ. ಇಂಥ ಕಪ್ಪಿಗಾಗಿ ಒಬ್ಬ ಮನುಷ್ಯ ವಾರವಿಡೀ ಊಟ ನಿದ್ದೆ ಸರಿಯಾಗಿ ಮಾಡಲಿಲ್ಲ ಅಂದರೆ ನಿಮಗೆ ನಗು ಬರುತ್ತದೆ. ನಗಿ, ಪರವಾಗಿಲ್ಲ. ಅವನ ಕಷ್ಟ ಏನು ಅಂತ ಕೇಳಿಕೊಂಡು ನಗಿ.

ಅವನು ಲಿಫ್ಟ್ ಮೆಕ್ಯಾನಿಕ್. ಅವನ ಬಡಾವಣೆಯ ಹಳೇ ಕಟ್ಟಡಗಳ ಲಿಫ್ಟುಗಳೆಲ್ಲ ಅವನಿಗೆ ಮನೆಮಂದಿ ಇದ್ದ ಹಾಗೆ. ಯಾವುದಕ್ಕೆ ಯಾವ ಮಹಡಿಯಲ್ಲಿ ಮೈ ನಡುಗುತ್ತದೆ, ಯಾವುದು ಮಳೆ ಬಂದರೆ ಮುನಿಸಿಕೊಳ್ಳುತ್ತದೆ, ಎಲ್ಲ ಬಾಯಿಪಾಠ. ಅಂಥದೊಂದು ಕಟ್ಟಡದ ಮೂರನೇ ಮಹಡಿಯಲ್ಲಿ ಅವನ ಅಕ್ಕನ ಮನೆ. ಅಕ್ಕನ ಗಂಡ, ಅಂದರೆ ಭಾವ, ಸಿಟಿ ಬಸ್ಸಿನ ಡ್ರೈವರ್. ಅದೇ ಡಿಪೋದಲ್ಲಿ ಇನ್ನೊಬ್ಬ ಡ್ರೈವರ್ ಇದ್ದಾನೆ, ಭಾವನ ಜೀವದ ಗೆಳೆಯ. ಅವನ ಗಂಟಲು ಕೇಳಿದವರೆಲ್ಲ ಅವನನ್ನು ಹಾರ್ನ್ ಅಂತಲೇ ಕರೆಯುತ್ತಾರೆ. ಅವರೆಲ್ಲರ ತಂಡ ಹಸಿರಂಗಿಯವರು. ಅವರ ಪಂದ್ಯ ಇದ್ದ ದಿನ ಭಾವ, ಹಾರ್ನ್, ಅಕ್ಕ ಮೂವರೂ ಟಿವಿ ಮುಂದೆ. ಮೆಕ್ಯಾನಿಕ್ ಮಾತ್ರ ಹೊರಗೆ, ಮೆಟ್ಟಿಲ ಮೇಲೆ.

ಯಾರೂ ಅವನನ್ನು ಕತ್ತು ಹಿಡಿದು ದಬ್ಬಿರಲಿಲ್ಲ. ಅದು ತಾನಾಗಿ ಆದದ್ದು. ಕೆಲವು ವರ್ಷಗಳ ಹಿಂದೆ ಒಂದು ದಿನ ಕೆಲಸ ಮುಗಿಸಿ ಬಂದವನು ಚಪ್ಪಲಿ ಬಿಡುತ್ತಾ "ಎಷ್ಟಾಯ್ತು?" ಅಂದ. ಅಂದದ್ದೇ ತಡ, ಎದುರಾಳಿಗಳು ಗೋಲು ಹೊಡೆದರು. ಎಲ್ಲರೂ ನಕ್ಕರು. ಮುಂದಿನ ಪಂದ್ಯದಲ್ಲಿ ಸೋಫಾದ ಮೇಲೆ ಕೂತ. ಸೀಟು ಬಿಸಿಯಾಗುವ ಮೊದಲೇ ನಮ್ಮವರ ವಿರುದ್ಧ ಪೆನಾಲ್ಟಿ. ನಗು ಸ್ವಲ್ಪ ಕಡಿಮೆಯಾಯಿತು. ಅದರ ಮುಂದಿನ ಸಲ ಬಾಗಿಲು ತೆಗೆದು ತಲೆ ಮಾತ್ರ ಒಳಗೆ ಹಾಕಿದ್ದ, ನಮ್ಮ ನಾಯಕನಿಗೆ ರೆಫ್ರಿ ಕೆಂಪು ಕಾರ್ಡ್ ತೋರಿಸಿದ. ಅವತ್ತು ಯಾರೂ ನಗಲಿಲ್ಲ. ಭಾವ ಬಹಳ ಮರ್ಯಾದೆಯಿಂದ, "ಒಂಚೂರು ಹೊರಗೆ ಹೋಗಿ ಗಾಳಿ ತಗೊಂಡು ಬರ್ತೀಯೇನಯ್ಯಾ?" ಅಂದರು. ಅವನು ಗಾಳಿ ತಗೊಂಡ. ಹಸಿರಂಗಿಯವರು ಗೆದ್ದರು. ಅಂದಿನಿಂದ ಹಾರ್ನ್ ಅವನಿಗೆ ಗ್ರಹಣ ಅಂತ ಹೆಸರಿಟ್ಟ.

ಇಷ್ಟಕ್ಕೆಲ್ಲ ಭಾವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಮೆಕ್ಯಾನಿಕ್ಕೇ ಮಾಡಿಕೊಳ್ಳಲಿಲ್ಲ. ಅವನ ಸಂಕಟ ಇದ್ದದ್ದೇ ಅಲ್ಲಿ: ಅವನೂ ಅದನ್ನು ನಂಬಿದ್ದ. ಹಸಿರಂಗಿಯವರ ಮೇಲೆ ಭಾವನಿಗೆ ಎಷ್ಟು ಪ್ರೀತಿಯೋ ಅವನಿಗೂ ಅಷ್ಟೇ, ಒಂದು ಹಿಡಿ ಹೆಚ್ಚೇ ಇದ್ದೀತು. ಪಂದ್ಯದ ಹೊತ್ತಿನಲ್ಲಿ ಟೀ ಅಂಗಡಿಯ ಮುಂದೆ ಹಾದುಹೋದರೆ ಅಲ್ಲಿಯ ಟಿವಿ ಕಣ್ಣಿಗೆ ಬೀಳದಿರಲಿ ಅಂತ ಮುಖ ಆಚೆ ತಿರುಗಿಸುತ್ತಿದ್ದ. ಫೋನ್ ಆಫ್ ಮಾಡಿ ಜೇಬಿಗಿಡುತ್ತಿದ್ದ. ತನ್ನ ಕಣ್ಣು ಬಿದ್ದರೆ ತಂಡ ಕೆಡುತ್ತದೆ ಎಂದಾದರೆ ಆ ಕಣ್ಣನ್ನು ಬೇರೆ ಕಡೆ ಇಡುವುದೇ ತಾನು ಮಾಡಬಹುದಾದ ಸೇವೆ ಅಂದುಕೊಂಡಿದ್ದ. ಗೋಲ್‌ಕೀಪರ್ ಗೋಲು ಕಾಯುತ್ತಾನೆ, ಇವನು ಮೆಟ್ಟಿಲು ಕಾಯುತ್ತಿದ್ದ.

ಮೂರನೇ ಮಹಡಿಯಿಂದ ಕೆಳಗಿಳಿಯುವಾಗ ಮೆಟ್ಟಿಲು ತಿರುಗುತ್ತದಲ್ಲ, ಅಲ್ಲಿ ಅವನ ಜಾಗ. ಅಲ್ಲಿಂದ ಏನೂ ಕಾಣುವುದಿಲ್ಲ, ಎಲ್ಲವೂ ಕೇಳುತ್ತದೆ. ಒಳಗಿನ ಕೂಗಿನ ಮೇಲೆಯೇ ಆಟ ಹೇಗೆ ನಡೆಯುತ್ತಿದೆ ಅಂತ ಹೇಳಬಲ್ಲವನಾಗಿದ್ದ. ಹಾರ್ನ್ "ಆಆ" ಅಂತ ಏರಿಸಿ ಥಟ್ಟನೆ ನಿಲ್ಲಿಸಿದರೆ ಚೆಂಡು ಕಂಬಕ್ಕೆ ಬಡಿದಿದೆ. ಭಾವ ತೊಡೆ ತಟ್ಟಿದ ಸದ್ದು ಬಂದರೆ ಆಫ್‌ಸೈಡ್. ಗೋಲಾದರೆ ಮಾತ್ರ ಶಬ್ದ ಬೇರೆ ಬೇರೆಯಾಗಿ ಕೇಳುವುದಿಲ್ಲ. ಮೂರು ಗಂಟಲು ಒಂದೇ ಆಗಿ, ಕುರ್ಚಿಯೊಂದು ಹಿಂದಕ್ಕೆ ಬಿದ್ದು, ಆಮೇಲೆ ಧಡಧಡ ಅಂತ ಕಾಲಿನ ಸದ್ದು. ಅದು ಮುಗಿದ ಮೇಲೆ ಅಕ್ಕ ಒಂದು ಲೋಟ ಟೀ ಹಿಡಿದುಕೊಂಡು ಇಳಿದು ಬಂದು, "ಎಡಚ ಹೊಡೆದ ಕಣೋ" ಎಂದು ಹೇಳಿ ಓಡಿಹೋಗುವಳು. ಎಡಚ ಅಂದರೆ ಹಸಿರಂಗಿಯವರ ಹುಡುಗ, ಎಡಗಾಲಲ್ಲಿ ಹೊಡೆಯುವವನು. ಇವನು ಮೆಟ್ಟಿಲ ಮೇಲೆ ಕೂತೇ ಎರಡು ಕೈ ಮೇಲೆತ್ತಿ, ಯಾರೂ ಇಲ್ಲವೆಂದು ಕಂಡು, ಕೆಳಗಿಳಿಸಿ ಟೀ ಕುಡಿಯುವನು.

ಹೋದ ಸೀಸನ್ನಿನ ಕೊನೆಗೆ ಹಸಿರಂಗಿಯವರು ಲೀಗ್ ಗೆದ್ದಾಗಲೂ ಅವನು ಅಲ್ಲೇ ಇದ್ದ. ರೆಫ್ರಿ ಕೊನೆಯ ಸೀಟಿ ಊದಿದ ಮೇಲೆ ಒಳಗೆ ಬರಬಹುದು ಅಂತ ನಿಯಮ. ಬಂದ. ಹಾರ್ನ್ ಗಂಟಲು ಒಣಗಿಸಿಕೊಂಡು ಮೂಲೆಯಲ್ಲಿ ಕೂತಿದ್ದ, ದಿಂಬು ನೆಲದ ಮೇಲೆ ಬಿದ್ದಿತ್ತು, ಅಕ್ಕ ಕಣ್ಣೊರೆಸಿಕೊಂಡು ಆಗಿತ್ತು. ಎಲ್ಲರೂ ಅವನಿಗೆ ಕೈ ಕೊಟ್ಟರು. ಊಟ ಮುಗಿದ ಮೇಲೆ ಬಂದ ನೆಂಟನಿಗೆ ಉಪಚಾರ ಮಾಡಿದಂತಿತ್ತು. ಅವತ್ತು ತನ್ನ ರೂಮಿಗೆ ಹೋಗಿ ಗೋಲುಗಳನ್ನೆಲ್ಲ ಫೋನಿನಲ್ಲಿ ನೋಡಿದ. ಚೆನ್ನಾಗಿದ್ದವು. ಆದರೆ ಆರಿದ ಟೀಗೆ ಎಷ್ಟು ಸಕ್ಕರೆ ಹಾಕಿದರೂ ಆರಿದ ಟೀಯೇ. ಒಂದೇ ಒಂದು ಸಲ, ಇನ್ನೂ ಆಗಿಲ್ಲದ ಗೋಲು ಆಗುವುದನ್ನು ಎಲ್ಲರ ಜೊತೆ ಕೂತು ನೋಡಬೇಕು ಅಂತ ಅವನಿಗೆ ಆಸೆ ಹತ್ತಿತು. ಹತ್ತಿದ್ದು ಇಳಿಯಲಿಲ್ಲ.

ಈ ಕಪ್ಪಿನ ಪಂದ್ಯಕ್ಕೆ ಒಂದು ವಾರ ಇರುವಾಗ ಅವನು ಅದೇ ಕಟ್ಟಡದ ಕೆಳಗೆ ಲಿಫ್ಟಿನ ಗುಂಡಿಗೆ ಇಳಿದು ಕಸ ತೆಗೆಯುತ್ತಿದ್ದ. ಡ್ಯೂಟಿ ಮುಗಿಸಿ ಬಂದ ಭಾವ ಬಗ್ಗಿ ನೋಡಿದರು.

"ಭಾನುವಾರ ಬಂದು ಒಳಗೇ ಕೂತ್ಕೊಳಯ್ಯಾ."

ಮೆಕ್ಯಾನಿಕ್ ಕೈಲಿದ್ದ ಎಣ್ಣೆಬಟ್ಟೆ ಕೆಳಗಿಟ್ಟ. "ಯಾಕೆ ಭಾವ, ಏನಾಯ್ತು?"

"ಏನಿಲ್ಲ. ನಿಮ್ಮಕ್ಕ ಇನ್ನೊಂದು ಸೀಸನ್ ಮೆಟ್ಟಿಲಿಗೆ ಟೀ ಹೊರೋಕೆ ನನ್ನ ಕೈಲಿ ಆಗಲ್ಲ ಅಂತ ಕೂತಿದಾಳೆ. ನಾನೂ ಯೋಚನೆ ಮಾಡ್ದೆ. ಇದೇನು ಅಂಥ ದೊಡ್ಡ ಕಪ್ಪಲ್ಲ. ಸೋತ್ರೂ ಪ್ರಾಣ ಹೋಗಲ್ಲ. ಇದ್ರಲ್ಲೇ ಒಂದು ಕೈ ನೋಡೋಣ. ಗೆದ್ರೆ ಈ ಸೀಸನ್ ಪೂರ್ತಿ ನಿನ್ನ ಜಾಗ ಒಳಗೆ."

"ಸೋತ್ರೆ?"

ಭಾವ ಗೋಡೆ ನೋಡಿದರು. "ಸೋತ್ರೆ ಮೆಟ್ಟಿಲು. ಆಮೇಲೆ ನೀನೂ ಕೇಳಬಾರ್ದು, ನಾನೂ ಕರೆಯಬಾರ್ದು. ಅಲ್ಲಿಗೆ ಮಾತು ಮುಗೀಬೇಕು."

ಆಗಲಿ ಅಂದ. ಈಗ ಹೇಳಿ, ವಾರವಿಡೀ ಅವನು ಊಟ ನಿದ್ದೆ ಬಿಟ್ಟದ್ದು ಹೆಚ್ಚಾಯಿತೇ?

ಭಾನುವಾರ ಮಧ್ಯಾಹ್ನವೇ ಸ್ನಾನ ಮಾಡಿ, ಉಗುರಿನ ಸಂದಿಯ ಗ್ರೀಸನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆದ. ತಂದಿಟ್ಟು ಎಷ್ಟೋ ಕಾಲವಾಗಿದ್ದರೂ ಹಾಕಿಕೊಳ್ಳಲು ಧೈರ್ಯ ಬರದ ಹಸಿರು ಅಂಗಿಯನ್ನು ಹಾಕಿಕೊಂಡ. ಅಂಗಿಯ ಮಡಿಕೆಗಳು ಎದೆಯ ಮೇಲೆ ಹಾಗೇ ನಿಂತಿದ್ದವು. ಲಿಫ್ಟಿನಲ್ಲಿ ಮೇಲೆ ಹೋಗುವಾಗ ಬಾಗಿಲು ತೆರೆದುಕೊಳ್ಳುತ್ತಾ ಕಿರ್ ಅಂದಿತು. ಬೇರೆ ದಿನವಾಗಿದ್ದರೆ ಅಲ್ಲೇ ಕೂತು ನೋಡುತ್ತಿದ್ದ. ಇವತ್ತು ನಾಳೆ ನೋಡಿದರಾಯಿತು ಅಂದುಕೊಂಡ. ಆ ಲಿಫ್ಟಿಗೆ ಅಷ್ಟು ಅಸಡ್ಡೆ ಮಾಡಿದ್ದು ಅದೇ ಮೊದಲು.

ಲಿಫ್ಟಿನ ಎದುರಿಗೇ ಅಕ್ಕನ ಬಾಗಿಲು. ಸೆಖೆ ಇದ್ದುದರಿಂದ ಬಾಗಿಲನ್ನು ಪೂರ್ತಿ ತೆರೆದು ಸ್ಟೂಲು ಒತ್ತಿಟ್ಟಿದ್ದರು. ಬಾಗಿಲಿಗೆ ಎದುರಾಗಿ ದೂರದ ಗೋಡೆಯ ಮೇಲೆ ಟಿವಿ. ಅದಕ್ಕೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಸೋಫಾ. ಎಲ್ಲರಿಗೂ ಗೊತ್ತುಮಾಡಿದ ಜಾಗಗಳಿದ್ದವು. ಭಾವ ಸೋಫಾದ ಒಂದು ತುದಿ, ತೊಡೆ ಮೇಲೆ ದಿಂಬು. ಹಾರ್ನ್ ಮಡಿಸುವ ಕುರ್ಚಿ. ಅಕ್ಕ ಮೊದಲರ್ಧ ಎಲ್ಲಿ ಬೇಕಾದರೂ ಕೂರಬಹುದು, ಎರಡನೇ ಅರ್ಧ ಮಾತ್ರ ನಿಂತೇ ಇರಬೇಕು. ಯಾವಾಗಲೋ ಅವಳು ನಿಂತಿದ್ದಾಗ ಗೆದ್ದಿದ್ದರಂತೆ. ಮೆಕ್ಯಾನಿಕ್ಕಿಗೆ ಮಾತ್ರ ಜಾಗ ಗೊತ್ತಾಗಿರಲಿಲ್ಲ. ಸೋಫಾದ ಅಂಚಿನಲ್ಲಿ, ಭಾವನ ಪಕ್ಕ, ಅರ್ಧ ಕೂತು ಅರ್ಧ ನಿಂತಂತೆ ಕೂತ.

"ಆರಾಮಾಗಿ ಕೂರಪ್ಪ," ಅಂದ ಹಾರ್ನ್. ಗ್ರಹಣ ಅನ್ನಲಿಲ್ಲ. ಎಲ್ಲರೂ ಅವತ್ತು ಅಷ್ಟು ಮರ್ಯಾದೆಯಿಂದ ಮಾತಾಡುತ್ತಿದ್ದರೆ ಅವನಿಗೆ ಡಾಕ್ಟರ ಕೋಣೆಯಲ್ಲಿ ಕೂತಂತಾಯಿತು.

ಆದರೆ ಪಂದ್ಯ ಶುರುವಾದದ್ದೇ ಅವನು ಎಲ್ಲವನ್ನೂ ಮರೆತ. ಚೆಂಡು ಆಕಾಶಕ್ಕೆ ಏರಿದಾಗ ಅದು ಎಲ್ಲಿ ಬೀಳುತ್ತದೆ ಅಂತ ಇವನಿಗೂ ಗೊತ್ತಿಲ್ಲ, ಭಾವನಿಗೂ ಗೊತ್ತಿಲ್ಲ, ಹೊಡೆದವನಿಗೂ ಗೊತ್ತಿಲ್ಲ. ಎಲ್ಲರೂ ಒಟ್ಟಿಗೆ ಕಾಯುತ್ತಿದ್ದಾರೆ. ಫೋನಿನಲ್ಲಿ ನೋಡುವಾಗ ಇದು ಎಲ್ಲಿತ್ತು? ಎಡಚ ಗೆರೆಯ ಪಕ್ಕ ಓಡುವಾಗ ಭಾವನ ಮೊಣಕಾಲು ಇವನ ಮೊಣಕಾಲಿಗೆ ತಾಗಿ ತಾನೂ ಓಡುತ್ತಿತ್ತು. ಮೊದಲರ್ಧ ಗೋಲಿಲ್ಲದೆ ಮುಗಿಯಿತು. ಅಕ್ಕ ಎಲ್ಲರಿಗೂ ಟೀ ಕೊಟ್ಟಳು. ಇವನಿಗೆ ಕೊಡುವಾಗ, "ಇಲ್ಲಿ ಕುಡಿದ್ರೆ ರುಚಿ ಬೇರೆ ಇದೆಯೇನೋ?" ಅಂದಳು. ಬೇರೆಯೇ ಇತ್ತು. ಬಿಸಿ ಇತ್ತು.

ಎರಡನೇ ಅರ್ಧದಲ್ಲೂ ಸುಮಾರು ಹೊತ್ತು ಕಳೆದಿತ್ತು. ಎದುರಾಳಿ ಬಿಳಿಯಂಗಿಯವರಲ್ಲಿ ಒಬ್ಬ ದೂರದಿಂದ ಸುಮ್ಮನೆ ಒಂದು ಹೊಡೆದ. ಎಲ್ಲಿಗೋ ಹೋಗಬೇಕಾದದ್ದು, ನಮ್ಮವನ ಬೆನ್ನಿಗೆ ತಗುಲಿ, ದಿಕ್ಕು ತಪ್ಪಿ, ಗೋಲಿನೊಳಗೆ ನಿಧಾನಕ್ಕೆ ಹೋಗಿ ಕೂತಿತು.

ಯಾರೂ ಮೆಕ್ಯಾನಿಕ್ಕಿನ ಕಡೆ ನೋಡಲಿಲ್ಲ. ಹಾರ್ನ್ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗಿದ, ಚಪ್ಪಲಿ ಬಾಗಿಲ ಹೊರಗಿತ್ತು. ನೋಡಿದ್ದರೆ, ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಭಾವನ ಮೊಣಕಾಲು ಮೆಲ್ಲಗೆ ಆಚೆ ಸರಿದದ್ದು ಅವನಿಗೆ ಗೊತ್ತಾಯಿತು. ಬೇಕೆಂದು ಸರಿಸಿದ್ದಲ್ಲ, ಪಾಪ. ತಾನಾಗಿ ಸರಿದದ್ದು.

"ಇರು, ಇರು, ಇನ್ನೂ ಟೈಮಿದೆ," ಅಂದರು ಭಾವ, ದಿಂಬನ್ನು ಹಿಂಡುತ್ತಾ.

ಮೆಕ್ಯಾನಿಕ್ ಎದ್ದ. "ಲಿಫ್ಟಿನ ಬಾಗಿಲು ಬರುವಾಗ ಕಿರ್ ಅಂತಿತ್ತು ಭಾವ. ಒಂದ್ಸಲ ನೋಡ್ಕೊಂಡು ಬರ್ತೀನಿ."

ಯಾಕೆ ಈಗ, ಕೂತ್ಕೋ ಅಂತ ಯಾರಾದರೂ ಅನ್ನಬಹುದಿತ್ತು. ಅವನು ಸೋಫಾ ದಾಟಿ, ಬಾಗಿಲು ದಾಟುವವರೆಗೂ ಆ ಮಾತಿಗೆ ಕಿವಿಕೊಟ್ಟಿದ್ದ. "ಬೇಗ ಬಾ," ಅಂದರು ಭಾವ, ಟಿವಿಯಿಂದ ಕಣ್ಣು ತೆಗೆಯದೆ. ಆ ಬೇಗದ ಅರ್ಥ ಇಬ್ಬರಿಗೂ ಗೊತ್ತಿತ್ತು. ಅಕ್ಕ ಮಾತ್ರ ಅವನನ್ನೇ ನೋಡುತ್ತಿದ್ದಳು.

ತನ್ನ ಮೆಟ್ಟಿಲಿಗೆ ಇಳಿಯಬೇಕಿತ್ತು ಅವನು. ಆದರೆ ಹೇಳಿ ಬಂದದ್ದು ಸುಳ್ಳಾಗಬಾರದು ಅಂತ, ಲಿಫ್ಟ್ ಕರೆದ. ಬಾಗಿಲು ಮತ್ತೆ ಕಿರ್ ಅಂದಿತು. ಒಳಗೆ ಹೋಗಿ, ಬಾಗಿಲು ಮುಚ್ಚದಂತೆ ತನ್ನ ಕೀ ತಿರುಗಿಸಿಟ್ಟು, ಬಗ್ಗಿ ಬಾಗಿಲು ಜಾರುವ ಹಳಿಯ ಸಂದಿಯಿಂದ ಒಂದು ಕಲ್ಲಿನ ಚೂರನ್ನು ಜೇಬಲ್ಲಿ ಸದಾ ಇರುವ ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿ ತೆಗೆದ. ಕೆಲಸ ಮುಗಿಯಿತು. ಒಳಗೋಡೆಯ ಕಡೆ ತಿರುಗಿ ಬೆನ್ನು ನೆಟ್ಟಗೆ ಮಾಡಿ ತಲೆಯೆತ್ತಿದ.

ಲಿಫ್ಟಿನ ಹಿಂಗೋಡೆಗೆ ಒಂದು ಹಳೇ ಕನ್ನಡಿ ಇತ್ತು, ಮೂಲೆಯಲ್ಲಿ ಕಪ್ಪು ಹಿಡಿದದ್ದು. ಅದರಲ್ಲಿ ಅವನ ಮುಖ, ಅವನ ಹೆಗಲಿನ ಹಿಂದೆ ಅಕ್ಕನ ತೆರೆದ ಬಾಗಿಲು, ಬಾಗಿಲಿನೊಳಗೆ ಮೂರು ತಲೆ, ತಲೆಗಳ ಆಚೆ ಹಸಿರು ಮೈದಾನ.

ಕಣ್ಣು ಮುಚ್ಚಿಕೊಳ್ಳಬೇಕಿತ್ತು. ಮುಚ್ಚಿಕೊಂಡ ಕೂಡ. ಆಮೇಲೆ ಮನಸ್ಸಿನಲ್ಲೇ ವಕೀಲನಂತೆ ವಾದ ಮಾಡಿದ. ನಾನು ಟಿವಿಗೆ ಬೆನ್ನು ಹಾಕಿದ್ದೇನೆ. ನಾನು ಮನೆಯ ಹೊರಗಿದ್ದೇನೆ. ಲಿಫ್ಟಿನ ಕನ್ನಡಿ ಸರಿಯಾಗಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸದಲ್ಲೇ ಸೇರಿದೆ. ಹೀಗೆ ಯಾವ ನ್ಯಾಯಾಲಯವೂ ಒಪ್ಪದ ಮಾತುಗಳನ್ನು ಆಡಿಕೊಂಡು ಕಣ್ಣು ತೆರೆದ.

ಎಲ್ಲ ತಿರುವುಮುರುವಾಗಿತ್ತು. ಹಸಿರಂಗಿಯವರು ಆ ಕಡೆಯಿಂದ ಈ ಕಡೆಗೆ ನುಗ್ಗುತ್ತಿದ್ದರು. ಒಬ್ಬ ಹುಡುಗ ಬಲಗಾಲಲ್ಲಿ ಚೆಂಡು ನೂಕಿಕೊಂಡು ಬರುತ್ತಿದ್ದ. ಯಾರಿವನು ಹೊಸಬ ಅಂದುಕೊಂಡ. ಅವನೇ ಎಡಚ ಅಂತ ಹೊಳೆಯುವಷ್ಟರಲ್ಲಿ ಅವನು ಇಬ್ಬರನ್ನು ದಾಟಿ ಹೊಡೆದಾಗಿತ್ತು. ಬಲೆ ಉಬ್ಬಿತು.

ಎಷ್ಟೋ ವರ್ಷಗಳ ಮೇಲೆ ಅವನು ಒಂದು ಗೋಲನ್ನು ಆಗುವಾಗಲೇ ನೋಡಿದ. ಕೈಗಳು ತಾವಾಗಿ ಮೇಲೆದ್ದವು, ಬಾಯಿ ತೆರೆಯಿತು, ಕೂಗು ಗಂಟಲಿಗೆ ಬಂದದ್ದನ್ನು ಹಾಗೇ ನುಂಗಿದ. ಕೂಗಿದರೆ ಒಳಗಿನವರಿಗೆ ಗೊತ್ತಾಗುತ್ತದೆ. ಕನ್ನಡಿಯಲ್ಲಿ ಎದುರಿಗೆ ಒಬ್ಬ ಮನುಷ್ಯ ಹೊಸ ಅಂಗಿ ಹಾಕಿಕೊಂಡು, ಕೈ ಮೇಲೆತ್ತಿ, ಶಬ್ದವಿಲ್ಲದೆ ಬಾಯಿ ತೆರೆದು ನಿಂತಿದ್ದ. ಅವನ ಹಿಂದೆ ದೂರದಲ್ಲಿ ಭಾವ ಹಾರ್ನನ ಕತ್ತು ಹಿಡಿದು ಮನಸಾರೆ ಅಲ್ಲಾಡಿಸುತ್ತಿದ್ದರು. ಕುರ್ಚಿ ಬಿದ್ದಿತ್ತು. ಅಕ್ಕ ಕುಣಿಯುತ್ತಿದ್ದಳು. ಗೋಲಿನ ಮೇಲಿದ್ದ ಮೆಕ್ಯಾನಿಕ್ಕಿನ ಕಣ್ಣು ಆ ಕತ್ತಿನ ಮೇಲೆ ಹೋಯಿತು. ತನ್ನ ಕತ್ತನ್ನೂ ಯಾರಾದರೂ ಹಾಗೆ ಹಿಡಿದು ಅಲ್ಲಾಡಿಸಬಾರದೇ ಅನ್ನಿಸಿತು. ಇಷ್ಟು ದಿನ ಹಂಬಲಿಸಿದ ಗೋಲು ಕಂಡಿತ್ತು, ಆದರೂ ಅಳು ಬರುವ ಹಾಗಾಯಿತು.

ಪಂದ್ಯ ಸಮ ಆಗಿಯೇ ಮುಗಿಯಿತು. ಈ ಕಪ್ಪಿನಲ್ಲಿ ಹೆಚ್ಚುವರಿ ಆಟ ಇಲ್ಲ, ನೇರ ಪೆನಾಲ್ಟಿಗಳು. ಆಟಗಾರರು ಗುಂಪು ಸೇರುತ್ತಿದ್ದಾಗ ಮೇಲಿನ ಮಹಡಿಯಿಂದ ಒಬ್ಬರು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕೈಯಲ್ಲಿ ಚೀಲ, ಮುಖದಲ್ಲಿ ಸಿಡುಕು. ರಿಟೈರಾದ ಟೀಚರಮ್ಮ.

"ಏನಪ್ಪಾ, ಲಿಫ್ಟ್ ಕೆಟ್ಟಿದ್ಯಾ?"

"ಇಲ್ಲ ಟೀಚರಮ್ಮ."

"ಮತ್ತೆ ಅಷ್ಟೊತ್ತಿಂದ ಬಟನ್ ಒತ್ತಿದ್ರೂ ಬರಲ್ಲ? ನನ್ನ ಮೊಣಕಾಲು ನಿನಗೆ ಗೊತ್ತಿಲ್ವಾ?" ಅವರು ಅವನನ್ನೂ ಕನ್ನಡಿಯನ್ನೂ ನೋಡಿದರು. "ಲಿಫ್ಟ್ ನಿಲ್ಲಿಸ್ಕೊಂಡು ಕನ್ನಡಿ ನೋಡ್ಕೊಳ್ತಾ ಇದ್ಯಾ? ಈ ವಯಸ್ಸಲ್ಲಿ?"

ಆಯುಷ್ಯವಿಡೀ ತರಗತಿಗಳನ್ನು ಸುಮ್ಮನಿರಿಸಿದ ದನಿ ಅದು. ಒಳಗೆ ಮೂರು ತಲೆಗಳೂ ತಿರುಗಿದವು. ಭಾವ ಎದ್ದು ಬಂದರು, ಹಾರ್ನ್ ಬಂದ, ಅಕ್ಕ ಬಂದಳು. ಭಾವ ಲಿಫ್ಟಿನೊಳಗೆ ಕಾಲಿಟ್ಟು ಕನ್ನಡಿ ನೋಡಿದರು. ಅದರಲ್ಲಿ ತಮ್ಮ ಮನೆಯ ಟಿವಿ ಕಂಡಿತು.

"ನೀನು ಇದ್ರಲ್ಲಿ ನೋಡ್ತಿದ್ಯಾ?"

ಇಲ್ಲ ಅನ್ನಬಹುದಿತ್ತು. ಬಾಗಿಲು ರಿಪೇರಿ ಅಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನೋಡಿದೆ ಅಂತ ಒಂದು ಸಲವಾದರೂ ಯಾರಿಗಾದರೂ ಹೇಳಬೇಕಿತ್ತು ಅವನಿಗೆ.

"ನೋಡ್ದೆ ಭಾವ. ಎಡಚನ ಕಾಲಿಗೆ ಬಾಲು ಬಂದಾಗ್ನಿಂದ ನೋಡ್ದೆ. ನಾನು ನೋಡ್ತಿದ್ದಾಗ್ಲೇ ಗೋಲು ಬಂತು."

ಭಾವ ಕನ್ನಡಿಯನ್ನೂ ಟಿವಿಯನ್ನೂ ಅಳೆದು ನೋಡುತ್ತಾ ನಿಂತರು. ಇಕ್ಕಟ್ಟು ರಸ್ತೆಯಲ್ಲಿ ಬಸ್ಸು ತಿರುಗಿಸುವ ಮೊದಲು ಹೀಗೇ ನಿಲ್ಲುತ್ತಾರೆ. ಇಷ್ಟು ವರ್ಷದ ಗ್ರಹಣ ಇದೊಂದು ಮಾತಿನಲ್ಲಿ ಬಿಡಬೇಕಿತ್ತು. ಗ್ರಹಣವೇ ಇರಲಿಲ್ಲ, ಎಲ್ಲ ನಮ್ಮ ತಲೆಯೊಳಗೆ ಅಂತ ಯಾರಾದರೂ ಅಂದಾರು ಅಂತ ಮೆಕ್ಯಾನಿಕ್ ಕಾದ.

"ಕನ್ನಡಿ," ಅಂದ ಹಾರ್ನ್, ಹೊಸದೇನೋ ಕಂಡುಹಿಡಿದವನ ಗಾಂಭೀರ್ಯದಲ್ಲಿ. "ಕನ್ನಡೀಲಿ ಎಲ್ಲ ಉಲ್ಟಾ ಅಲ್ವಾ? ಇವನು ನೆಟ್ಟಗೆ ನೋಡಿದ್ರೆ ಕೆಡುತ್ತೆ. ಉಲ್ಟಾ ನೋಡಿದ್ರೆ ಒಳ್ಳೇದಾಗುತ್ತೆ."

ಮೂವರ ಮುಖದಲ್ಲೂ ಬೆಳಕು ಹರಿಯಿತು. ಮೆಕ್ಯಾನಿಕ್ಕಿನ ಮುಖದಲ್ಲೂ. ಅಭಿಮಾನಿಗಳಿಗೆ ಇದಕ್ಕಿಂತ ಸ್ಪಷ್ಟವಾದ ತರ್ಕ ಬೇರೆ ಬೇಕೇ?

"ಹಾಗಾದ್ರೆ ನೀನು ಇಲ್ಲೇ ಇರು," ಅಂದರು ಭಾವ. "ಪೆನಾಲ್ಟಿ ಮುಗಿಯೋವರೆಗೂ ಅಲ್ಲಾಡಬೇಡ."

"ಅಲ್ಲಾಡ್ಲೇಬೇಕು," ಅಂದರು ಟೀಚರಮ್ಮ. "ಈ ಲಿಫ್ಟ್ ನನಗೆ ಬೇಕು."

ಭಾವ ಕೈಮುಗಿಯುವುದೊಂದು ಬಾಕಿ. "ಐದೇ ನಿಮಿಷ, ಟೀಚರಮ್ಮ." ಟೀಚರಮ್ಮ ತಮ್ಮ ಮೊಣಕಾಲು ತೋರಿಸಿದರು. ಮೆಕ್ಯಾನಿಕ್ ಆ ಮೊಣಕಾಲನ್ನು ನೋಡಿದ. ಲಿಫ್ಟ್ ಇರುವುದು ಯಾರಿಗೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೀ ತಿರುಗಿಸಿ ತೆಗೆದು ಹೊರಗೆ ಬಂದ. "ಹತ್ತಿ ಟೀಚರಮ್ಮ. ತಪ್ಪಾಯ್ತು." ಬಾಗಿಲು ಈಗ ಸದ್ದಿಲ್ಲದೆ ಮುಚ್ಚಿತು, ಕನ್ನಡಿ ಟೀಚರಮ್ಮನ ಜೊತೆ ಕೆಳಗಿಳಿದುಹೋಯಿತು. ಅವನು ತನ್ನ ಮೆಟ್ಟಿಲ ಕಡೆ ಹೆಜ್ಜೆ ಹಾಕಿದ.

"ಎಲ್ಲಿಗೋ?" ಅಂದಳು ಅಕ್ಕ. "ಬೇಕಾಗಿರೋದು ಕನ್ನಡಿ ತಾನೆ? ನಮ್ಮ ಮನೇಲಿ ಕನ್ನಡಿಗೇನು ಬರ ಬಂದಿದ್ಯಾ?"

ಅವಳು ಕೋಣೆಗೆ ನುಗ್ಗಿ ಗೋಡೆಯ ಮೊಳೆಯಿಂದ ತಲೆ ಬಾಚಿಕೊಳ್ಳುವ ಕನ್ನಡಿಯನ್ನೇ ಕಿತ್ತುಕೊಂಡು ಬಂದಳು. ಸೋಫಾದ ಹಿಂದೆ ನಿಂತು, ಎದೆಗೆ ಒರಗಿಸಿ, ಎರಡು ಕೈಯಲ್ಲಿ ಹಿಡಿದಳು. ಮೆಕ್ಯಾನಿಕ್ ಸೋಫಾದ ಮೇಲೆ ಹಿಂದುಮುಂದಾಗಿ ಮಂಡಿಯೂರಿ ಕೂತ, ಬಸ್ಸಿನ ಕೊನೇ ಸೀಟಿನಲ್ಲಿ ಮಕ್ಕಳು ಹಿಂದಿನ ರಸ್ತೆ ನೋಡುತ್ತಾ ಕೂರುವಂತೆ. ಪಕ್ಕದಲ್ಲಿ ಭಾವ ಮುಂದಕ್ಕೆ ಮುಖ ಮಾಡಿ ಕೂತರು. ಒಬ್ಬರು ಆ ಕಡೆಗೆ, ಒಬ್ಬರು ಈ ಕಡೆಗೆ. ಹೆಗಲು ಮಾತ್ರ ಒಂದಕ್ಕೊಂದು ತಾಗಿತ್ತು.

ಪೆನಾಲ್ಟಿಗಳು ಶುರುವಾದವು. ಹಸಿರಂಗಿ ಹೊಡೆದ, ಬಿಳಿಯಂಗಿ ಹೊಡೆದ. ಕನ್ನಡಿ ಚಿಕ್ಕದು, ಅಕ್ಕನ ಎದೆ ಏರಿಳಿದಂತೆ ಮೈದಾನವೂ ಏರಿಳಿಯುತ್ತಿತ್ತು. ಆದರೂ ಅವನು ಪ್ರತಿಯೊಂದನ್ನೂ ನೋಡಿದ. ನಮ್ಮ ಗೋಲ್‌ಕೀಪರ್ ಒಂದನ್ನು ತಡೆದಾಗ ಭಾವನ ಹೆಗಲು ಇವನ ಹೆಗಲಿಗೆ ಗುದ್ದಿತು. ಕೊನೆಗೆ ಎಡಚನ ಸರದಿ. ಇದು ಹೋದರೆ ಕಪ್ ನಮ್ಮದು. ಅವನು ಚೆಂಡನ್ನಿಟ್ಟು ಹಿಂದೆ ಹಿಂದೆ ಬಂದ. ಅಕ್ಕನ ಕೈ ನಡುಗಿ ಕನ್ನಡಿಯಲ್ಲಿ ಎಡಚ ಇಬ್ಬರಾದ. ಸರಿಯಾಗಿ ಹಿಡಿ ಅಕ್ಕ ಅನ್ನಬೇಕೆಂದಿದ್ದ. ಅವಳ ಮುಖ ನೋಡಿ ಅನ್ನಲಿಲ್ಲ. ಅವಳು ತಮ್ಮನನ್ನೂ ಕನ್ನಡಿಯನ್ನೂ ಮರೆತು, ಬಾಯಿ ತೆರೆದು, ಟಿವಿಯನ್ನೇ ನೋಡುತ್ತಿದ್ದಳು.

ಎಡಚ ಓಡಿದ. ಕನ್ನಡಿ ವಾಲಿತು. ಮೆಕ್ಯಾನಿಕ್ಕಿಗೆ ಕಂಡದ್ದು ಚಾವಣಿ, ತಿರುಗುವ ಫ್ಯಾನು, ಮೂಲೆಯ ಜೇಡರ ಬಲೆ.

ಮೂರು ಗಂಟಲು ಒಂದೇ ಆಯಿತು. ಕುರ್ಚಿ ಬಿತ್ತು. ಈ ಸದ್ದು ಅವನಿಗೆ ಚೆನ್ನಾಗಿ ಗೊತ್ತಿದ್ದ ಸದ್ದು, ಆದರೆ ಈ ಸಲ ಅದು ಗೋಡೆಯ ಆಚೆಯಿಂದ ಬರಲಿಲ್ಲ, ಅವನ ಮೈಮೇಲೆಯೇ ಬಿತ್ತು. ಭಾವನ ಸ್ಟೀರಿಂಗ್ ಹಿಡಿದು ಹಿಡಿದು ದಪ್ಪಗಾದ ಕೈ ಅವನ ಕತ್ತಿಗೆ ಬಿದ್ದು, ಹಿಡಿದು, ಹಲ್ಲು ಅದುರುವಂತೆ ಅಲ್ಲಾಡಿಸಿತು. ಹಾರ್ನ್ ಬೆನ್ನ ಮೇಲೆ ಬಿದ್ದ. ಮೆಕ್ಯಾನಿಕ್ಕಿನ ಮೂಗು ಸೋಫಾದ ಬೆನ್ನಿಗೆ ಒತ್ತಿಕೊಂಡಿತು. ಆ ಇಕ್ಕಟ್ಟಿನಲ್ಲೇ ಅವನೂ ಕೂಗಿದ. ವರ್ಷಗಟ್ಟಲೆ ನುಂಗಿದ ಕೂಗು, ಗಂಟಲಿಗೆ ಅಭ್ಯಾಸ ತಪ್ಪಿ ಹೇಗೇಗೋ ಬಂತು.

ಗದ್ದಲ ಸ್ವಲ್ಪ ಇಳಿದ ಮೇಲೆ ಭಾವ ಥಟ್ಟನೆ ನಿಂತರು. ಕೈ ಅವನ ಕತ್ತಿನ ಮೇಲೇ ಇತ್ತು.

"ನೋಡಿದ್ಯಾ?"

ನೋಡಲಿಲ್ಲ ಅಂದರೆ ಅಲ್ಲಿಗೆ ಲೆಕ್ಕ ಮುಗಿಯಿತು: ಇವನು ನೋಡಲಿಲ್ಲ, ಅದಕ್ಕೇ ಗೋಲು ಬಂತು. ಮೆಟ್ಟಿಲು ಅಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ.

"ನೋಡ್ದೆ," ಅಂದ.

"ಎಲ್ಲಿಗೆ ಹೊಡೆದ, ಹೇಳು?" ಭಾವ ಅನುಮಾನದಿಂದ ಕೇಳಿದ್ದಲ್ಲ, ಖುಷಿಗೆ ಕೇಳಿದ್ದು. ಇನ್ನೊಬ್ಬರ ಬಾಯಲ್ಲಿ ಆ ಗೋಲನ್ನು ಮತ್ತೊಮ್ಮೆ ಕೇಳುವ ಖುಷಿಗೆ. ಮೆಕ್ಯಾನಿಕ್ಕಿಗೆ ಜೇಡರ ಬಲೆ ಎ‌ಲ್ಲಿತ್ತು ಅಂತ ಮಾತ್ರ ಗೊತ್ತಿತ್ತು.

ಅಕ್ಕ ಕನ್ನಡಿಯನ್ನು ತೋಳಿನಲ್ಲಿ ಒರೆಸುತ್ತಿದ್ದಳು. ಅದು ಎತ್ತ ವಾಲಿತ್ತೆಂದು ಅವಳಿಗೆ ಆಗಲೇ ಹೊಳೆದಿತ್ತು. ತಲೆಯೆತ್ತದೆ ಅಂದಳು, "ಅವನು ಹೊಡೆದಿದ್ದು ಎಡಗಡೆ ಮೂಲೆಗೆ. ನಿನಗೆ ಕನ್ನಡೀಲಿ ಬಲಗಡೆ ಕಂಡಿರುತ್ತೆ, ಅಲ್ವೇನೋ?"

"ಹೂಂ," ಅಂದ. "ಬಲಗಡೆ ಮೂಲೆ."

"ಮುಗೀತು," ಅಂದರು ಭಾವ. "ಈ ಸೀಸನ್ ಪೂರ್ತಿ ಇವನ ಜಾಗ ಇದೇ. ಕನ್ನಡಿಗೆ ಒಂದು ಸ್ಟ್ಯಾಂಡ್ ಮಾಡಿಸಬೇಕು."

ಟಿವಿಯಲ್ಲಿ ಕಪ್ ಎತ್ತುವ ಮೊದಲು ಆ ಕೊನೆಯ ಪೆನಾಲ್ಟಿಯನ್ನು ಮತ್ತೆ ತೋರಿಸತೊಡಗಿದರು. ಹಾರ್ನ್ ಕುರ್ಚಿ ಎತ್ತಿಟ್ಟು ಮುಂದಕ್ಕೆ ಬಾಗಿದ. ಅಕ್ಕನೂ ಬಂದು ಸೋಫಾದ ತೋಳಿನ ಮೇಲೆ ಕೂತಳು.

"ರಿಪ್ಲೇ ಕಣಯ್ಯಾ, ಈಗ ತಿರುಗಿ ನೋಡಬಹುದು," ಅಂದರು ಭಾವ. "ಈಗೇನೂ ಆಗಲ್ಲ. ತಿರುಗು."

ಅವನು ತಿರುಗಲಿಲ್ಲ. ತೆರೆದ ಬಾಗಿಲಿಗೆ ಮುಖ ಮಾಡಿ ಮಂಡಿಯ ಮೇಲೆ ಹಾಗೇ ಕೂತ. ಭಾವನ ಕೈ ಇನ್ನೂ ಅವನ ಕತ್ತಿನ ಮೇಲಿತ್ತು, ತಿರುಗಿದರೆ ಅದು ಜಾರುತ್ತಿತ್ತು.